ಕೆಂಪು ಬಣ್ಣದ ಕ್ಯಾಸಿಯೊ ಬೇಕಾ, ಕಪ್ಪು ಸಾಕಾ?

ನಮ್ಮ ಲಕ್ಕೂರಿನ ಕಡೆ ಕೀಬೋರ್ಡ್ ಅಂದರೆ ಕಂಪ್ಯೂಟರಿನದ್ದು. ಸಂಗೀತದ್ದಾದರೆ ಅದು ‘ಕ್ಯಾಸಿಯೊ’. ಯಮಹಾ ತಂದಿಟ್ಟರೂ ಜನ ಕರೆಯುವುದು ಕ್ಯಾಸಿಯೊ ಅಂತಲೇ. ಕ್ಯಾಲ್ಕುಲೇಟರ್ ಮಾಡಿಕೊಂಡಿದ್ದ ಆ ಜಪಾನಿ ಕಂಪನಿ ‘ಕ್ಯಾಸಿಯೊಟೋನ್ 201’ ಎಂಬ ತನ್ನ ಮೊದಲ ವಾದ್ಯವನ್ನು ಮಾರುಕಟ್ಟೆಗೆ ಬಿಟ್ಟಿದ್ದು 1980ರಲ್ಲಿ. ಆಮೇಲೆ ಭಜನೆ ಮಂದಿರ, ಮದುವೆ ಆರ್ಕೆಸ್ಟ್ರಾ, ಜಾತ್ರೆ ವೇದಿಕೆ ಎಲ್ಲ ಕಡೆ ಹಾರ್ಮೋನಿಯಂ ಪಕ್ಕ ಜಾಗ ಹಿಡಿಯಿತು.

ಡಿಪ್ಲೊಮಾ ಮುಗಿಸಿ ನರಸಾಪುರದ ಕಡೆ ಅಪ್ರೆಂಟಿಸ್ ಆಗಿರುವ ಗೆಳೆಯನೊಬ್ಬ ಒಂದು ಕೀಬೋರ್ಡ್ ಕೊಳ್ಳಬೇಕೆಂದು ಸ್ಟೈಪೆಂಡ್ ಉಳಿಸಿಟ್ಟಿದ್ದ. ವಾರದ ರಜೆಯಲ್ಲಿ ಆರ್ಕೆಸ್ಟ್ರಾ ತಂಡಕ್ಕೆ ನುಡಿಸಿದರೆ ಕೈಖರ್ಚಿಗಾಗುತ್ತದೆ ಎಂಬ ಲೆಕ್ಕ. ಅವನಿಗೋಸ್ಕರ ಮೂರು ವಾರ ನಾವಿಬ್ಬರೂ ಕಂಪನಿಗಳ ಗುಣಪಟ್ಟಿ ಹೋಲಿಸುತ್ತಾ ಕೂತೆವು. ಅಂಗಡಿಯವರು ಮೊದಲು ಹೇಳುವುದು ಎಷ್ಟು ದನಿಗಳಿವೆ ಎಂದು. ನೋಡಿದರೆ ಕ್ಯಾಸಿಯೊ ಸಿಟಿ-ಎಸ್200ರಲ್ಲಿ 400, ಯಮಹಾ ಪಿಎಸ್ಆರ್-ಇ273ರಲ್ಲಿ 401! ಆ ಒಂದು ಹೆಚ್ಚಿನ ದನಿಗಾಗಿ ಯಾರು ಯಮಹಾ ಕೊಳ್ಳುತ್ತಾರೋ ಗೊತ್ತಿಲ್ಲ. ವೇದಿಕೆ ಮೇಲೆ ಬಳಸುವುದು ಪಿಯಾನೊ, ಸ್ಟ್ರಿಂಗ್ಸ್, ಕೊಳಲು, ಇನ್ನೊಂದೆರಡು ಅಷ್ಟೆ.

ಮಜಾ ಇರುವುದು ಸಿಟಿ-ಎಸ್200 ಮತ್ತು ಸಿಟಿ-ಎಸ್300 ಎಂಬ ಅಣ್ಣತಮ್ಮಂದಿರಲ್ಲಿ. ಎರಡಕ್ಕೂ 61 ಮನೆ, ಎರಡರಲ್ಲೂ 400 ದನಿ, ಎರಡೂ 3.3 ಕಿಲೊ, ಎತ್ತಿಕೊಂಡು ಹೋಗಲು ಎರಡಕ್ಕೂ ಹಿಡಿ. ಎಸ್200 ಕೆಂಪು, ಬಿಳಿ ಬಣ್ಣಗಳಲ್ಲೂ ಬರುತ್ತದೆ. ಎಸ್300 ಕಪ್ಪು ಮಾತ್ರ, ಬೆಲೆಯೂ ಜಾಸ್ತಿ. ಗೆಳೆಯನ ಕಣ್ಣು ಕೆಂಪಿನ ಮೇಲಿತ್ತು. ಆದರೆ ಕೆಂಪಿನಲ್ಲಿ ಇಲ್ಲದ ಎರಡು ಸಂಗತಿ ಕಪ್ಪಿನಲ್ಲಿವೆ: ಟಚ್ ರೆಸ್ಪಾನ್ಸ್ ಮತ್ತು ಪಿಚ್ ಬೆಂಡ್ ಚಕ್ರ.

ಟಚ್ ರೆಸ್ಪಾನ್ಸ್ ಅಂದರೆ ಮೆಲ್ಲಗೆ ಒತ್ತಿದರೆ ಮೆಲ್ಲನೆ ದನಿ, ಜೋರಾಗಿ ಒತ್ತಿದರೆ ಜೋರು ದನಿ. ಇದಿಲ್ಲದ ಕೀಬೋರ್ಡಿನಲ್ಲಿ ಲಾಲಿಹಾಡೂ ಬ್ಯಾಂಡಿನ ಹಾಡೂ ಒಂದೇ ಗಟ್ಟಿ. ಯಮಹಾದಲ್ಲೂ ಇದೇ ಕಥೆ. ಇ273ಕ್ಕೆ ಟಚ್ ಇಲ್ಲ, ಇ373ಕ್ಕೆ ಇದೆ. ಮುಂದೆ ಗ್ರೇಡ್ ಪರೀಕ್ಷೆ ಕಟ್ಟಿ ಮಕ್ಕಳಿಗೆ ಪಾಠ ಹೇಳಿಕೊಡುವ ಆಸೆ ಇದ್ದವರು ಟಚ್ ಇಲ್ಲದ್ದನ್ನು ಮುಟ್ಟಲೇಬೇಡಿ. ಬೆರಳಿಗೆ ಒಂದೇ ತೂಕ ಅಭ್ಯಾಸವಾದರೆ ಬಿಡಿಸುವುದು ಕಷ್ಟ.

ಪಿಚ್ ಬೆಂಡ್ ವಿಷಯ ಇನ್ನೂ ಸ್ವಾರಸ್ಯದ್ದು. ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ನಿಷೇಧವಿತ್ತು. ಅದರ ಮೇಲಿದ್ದ ಮುಖ್ಯ ಆರೋಪ, ಸ್ವರಗಳು ಗೂಟ ಹೊಡೆದ ಹಾಗೆ ನಿಲ್ಲುತ್ತವೆ, ಒಂದರಿಂದ ಇನ್ನೊಂದಕ್ಕೆ ಜಾರುವುದಿಲ್ಲ, ಗಮಕ ಬರುವುದಿಲ್ಲ ಅನ್ನುವುದು. ಕೀಬೋರ್ಡಿಗೂ ಅದೇ ದೋಷ. ಎಡಗೈಯಲ್ಲಿ ತಿರುಗಿಸುವ ಈ ಚಕ್ರ ಸ್ವರವನ್ನು ಮೇಲಕ್ಕೂ ಕೆಳಕ್ಕೂ ಜಾರಿಸುತ್ತದೆ. ಚೆನ್ನೈನ ಕೆ. ಸತ್ಯನಾರಾಯಣನ್ ಕೀಬೋರ್ಡಿನಲ್ಲೇ ಕರ್ನಾಟಕ ಸಂಗೀತ ಕಛೇರಿ ಕೊಡುತ್ತಾರೆ, ಒಮ್ಮೆ ಕೇಳಿ. ಬರೀ ಸಿನಿಮಾ ಹಾಡಿಗೆ ಕಾರ್ಡ್ ಹಿಡಿಯುವವರಿಗೆ ಚಕ್ರ ಇಲ್ಲದಿದ್ದರೂ ನಡೆಯುತ್ತದೆ. ಕೊಳಲಿನ ಬಿಟ್ ನುಡಿಸಬೇಕಾದರೆ ಬೇಕೇ ಬೇಕು.

ಟ್ರಾನ್ಸ್‌ಪೋಸ್ ಎಲ್ಲದರಲ್ಲೂ ಇರುತ್ತದೆ. ಹಾಡುವವರು ಒಂದೂವರೆ ಮನೆ ಶ್ರುತಿ ಅಂದರೂ ಐದು ಮನೆ ಅಂದರೂ ಗುಂಡಿ ಒತ್ತಿ ಶ್ರುತಿ ಸೇರಿಸಿ, ಬೆರಳನ್ನು ಅಭ್ಯಾಸದ ಜಾಗದಲ್ಲೇ ಆಡಿಸಬಹುದು. ಪಾಲಿಫೊನಿ ಅಂದರೆ ಒಟ್ಟಿಗೆ ಎಷ್ಟು ಸ್ವರ ಮೊಳಗಬಹುದು ಎಂಬ ಲೆಕ್ಕ. ಇ273ರಲ್ಲಿ 32, ಮಿಕ್ಕ ಮೂರರಲ್ಲಿ 48. ರಿದಂ ಹಾಕಿ ಎರಡೂ ಕೈ ನುಡಿಸಿದರೆ ಅದೂ ಪಾಲು ಕೇಳುತ್ತದೆ.

ನಮ್ಮ ಊರುಗಳಿಗೆ ನಿಜವಾಗಿ ಮುಖ್ಯವಾದ್ದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಕರೆಂಟು! ಭಜನೆ ಮಧ್ಯೆ ಹೋದರೆ? ಈ ನಾಲ್ಕೂ ಮಾದರಿ ಆರು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತವೆ. ಆದರೆ ಅಡಾಪ್ಟರ್ ಮಾತ್ರ ಬದಲಿಸಬೇಡಿ. ಕ್ಯಾಸಿಯೊದ್ದು 9.5 ವೋಲ್ಟ್, ಯಮಹಾದ್ದು 12. ಪಿನ್ ಕೂರುತ್ತದೆ ಅಂತ ಯಾವುದೋ ಚಾರ್ಜರ್ ಸಿಕ್ಕಿಸಿದರೆ ಒಳಗಿನ ಬೋರ್ಡಿಗೇ ಪೆಟ್ಟು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೂಲ ಅಡಾಪ್ಟರ್ ಇದೆಯೇ ಎಂದು ಮೊದಲು ಕೇಳಿ, ಆಮೇಲೆ 61 ಮನೆಯನ್ನೂ ಒಂದೊಂದಾಗಿ ಒತ್ತಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಇನ್ನು ಸದ್ದು. ಒಳಗಿನ ಸ್ಪೀಕರ್ ಕ್ಯಾಸಿಯೊದಲ್ಲಿ ಎರಡೆರಡು ವ್ಯಾಟ್, ಯಮಹಾದಲ್ಲಿ ಎರಡೂವರೆ. ಮನೆಗೆ ಸಾಕು, ತಮಟೆ ಎದುರು ಕೇಳಿಸುವುದೇ ಇಲ್ಲ. ಹೆಡ್‌ಫೋನ್ ತೂತಿನಿಂದ ಮಿಕ್ಸರಿಗೆ ಎಳೆಯುವ ಕೇಬಲ್ಲಿನ ದುಡ್ಡನ್ನು ಬಜೆಟ್ಟಿನಲ್ಲೇ ಸೇರಿಸಿಕೊಳ್ಳಿ. ಮೊಬೈಲಿನಲ್ಲಿ ಟ್ರ್ಯಾಕ್ ಮಾಡುವ ಹುಚ್ಚಿದ್ದವರಿಗೆ ಯುಎಸ್‌ಬಿ ಬೇಕು. ಇ273ರಲ್ಲಿ ಅದಿಲ್ಲ.

ಗೆಳೆಯ ಕೊನೆಗೆ ಬೆಂಗಳೂರಿಗೆ ಹೋಗಿ ಎರಡನ್ನೂ ಒಂದರ ಪಕ್ಕ ಒಂದಿಟ್ಟು ಅರ್ಧ ಗಂಟೆ ನುಡಿಸಿ, ಕಪ್ಪನ್ನೇ ತಂದ. ಸ್ಟ್ಯಾಂಡಿಗೆ ದುಡ್ಡು ಉಳಿಯಲಿಲ್ಲ. ಸುಮಾರು ಮೂರಡಿ ಉದ್ದದ ಡಬ್ಬ ಮಾರಿಕುಪ್ಪಂ ರೈಲಿನ ಲಗೇಜ್ ಹಲಗೆ ಮೇಲೆ ಸಲೀಸಾಗಿ ಕೂತಿತು. ಮಾಲೂರಿನಲ್ಲಿ ಇಳಿದು ಲಕ್ಕೂರಿಗೆ ಬರುವಷ್ಟರಲ್ಲಿ ಭಜನೆ ತಂಡದವರಿಂದ ಮೂರು ಫೋನ್ ಬಂದಿತ್ತು. ಈಗ ಅದು ಎರಡು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ನುಡಿಯುತ್ತಿದೆ.