ಸೈಕಲ್ ಯಾತ್ರೆ: ರೈಲು ಮೊದಲಿರಲಿ

ಭಾರತ ಹುಣ್ಣಿಮೆ ಸಮೀಪಿಸುತ್ತಿದ್ದಂತೆ ಬೈಲಹೊಂಗಲ, ಕಿತ್ತೂರು, ಸವದತ್ತಿ ಭಾಗದ ಹಳ್ಳಿಗಳಿಂದ ಚಕ್ಕಡಿಗಳು ಉಳವಿಯತ್ತ ಸಾಲುಗಟ್ಟಿ ಹೊರಡುವುದನ್ನು ಈ ಪತ್ರಿಕೆಯ ಓದುಗರಲ್ಲಿ ಕಾಣದವರು ವಿರಳ. ಚನ್ನಬಸವಣ್ಣನವರ ಸನ್ನಿಧಿಗೆ ಸಾಗುವ ಆ ಚಕ್ಕಡಿಗಳ ನಡೆಯಲ್ಲಿ ಒಂದು ಶಿಸ್ತು ಇದೆ. ಬಿಸಿಲೇರಿದೊಡನೆ ಎತ್ತುಗಳ ಕೊಳ್ಳು ಹರಿದು ನೆರಳಿಗೆ ಕಟ್ಟುತ್ತಾರೆ. ನೀರು ಕುಡಿಸುತ್ತಾರೆ, ಮೇವು ಹಾಕುತ್ತಾರೆ. ಹೊತ್ತು ತಂಪಾದ ಮೇಲೆಯೇ ಮತ್ತೆ ಹೂಡುತ್ತಾರೆ. ಇಂದೇ ಮುಟ್ಟಬೇಕೆಂಬ ಹಟ ಯಾರಿಗೂ ಇಲ್ಲ. ಎತ್ತು ಸೋತರೆ ಯಾತ್ರೆಯೇ ನಿಲ್ಲುವುದೆಂಬ ಅರಿವು ಹಿರಿಯರಿಗಿತ್ತು.

ಇತ್ತೀಚೆಗೆ ಸೈಕಲ್ ಏರಿ ಶರಣಕ್ಷೇತ್ರಗಳ ದರ್ಶನಕ್ಕೆ ಹೊರಡುವ ಉತ್ಸಾಹ ನಮ್ಮ ಭಾಗದ ಯುವಕರಲ್ಲಷ್ಟೇ ಅಲ್ಲ, ನಡುವಯಸ್ಸಿನವರಲ್ಲಿಯೂ ಕಾಣುತ್ತಿದೆ. ಇದು ಸಂತೋಷದ ಸಂಗತಿ. ಆದರೆ ಎತ್ತಿಗೆ ಕೊಡುತ್ತಿದ್ದ ಬಿಡುವನ್ನು ಈ ಸವಾರರು ತಮ್ಮ ಮೊಣಕಾಲಿಗೆ ಕೊಡುತ್ತಿಲ್ಲ. ಅದಕ್ಕೆ ಮುಖ್ಯ ಕಾರಣ, ಆಶ್ಚರ್ಯವೆನಿಸಬಹುದು, ರೈಲಿನ ವೇಳಾಪಟ್ಟಿ.

ನಮ್ಮ ಬಳಗದ ಅನುಭವವನ್ನೇ ಹೇಳುತ್ತೇವೆ. ಮೊದಲ ಸಲ ನಾವು ಆರು ಜನ ಸೈಕಲ್ ತುಳಿಯುತ್ತ ದೂರದ ಊರಿಗೆ ಹೋಗಿ, ಅಲ್ಲಿಂದ ಸೈಕಲ್‌ಗಳನ್ನು ರೈಲಿಗೆ ಹಾಕಿ ಮರಳುವ ಯೋಜನೆ ಮಾಡಿದೆವು. ಲೆಕ್ಕಕ್ಕೆ ಅದು ಚೆನ್ನಾಗಿಯೇ ಇತ್ತು: ಹೋಗುವಾಗ ಮೈಯಲ್ಲಿ ಕಸುವು ಇರುತ್ತದೆ, ಬರುವಾಗ ದಣಿವು, ದಣಿದವರನ್ನು ಗಾಡಿ ಹೊತ್ತು ತರಲಿ ಎಂದುಕೊಂಡೆವು. ಕೊನೆಯ ದಿನ ದಾರಿಯಲ್ಲಿ ಎರಡು ಪಂಕ್ಚರ್ ಆದವು. ಗಾಡಿ ಸಂಜೆಗೆ. ಕಳೆದ ಹೊತ್ತನ್ನು ಹಿಡಿಯಲು ಮಧ್ಯಾಹ್ನದ ಪ್ರಸಾದವನ್ನು ಬಿಟ್ಟೆವು, ನೆರಳಿನಲ್ಲಿ ಕೂರುವುದನ್ನು ಬಿಟ್ಟೆವು, ಕೊನೆಗೆ ನೀರು ಕುಡಿಯಲು ನಿಲ್ಲುವುದನ್ನೂ ಬಿಟ್ಟೆವು. ನಿಲ್ದಾಣ ಮುಟ್ಟಿದಾಗ ನಮ್ಮಲ್ಲಿ ಹಿರಿಯರಾದವರೊಬ್ಬರು, ಸಕ್ಕರೆ ಕಾಯಿಲೆಗೆ ನಿತ್ಯ ಗುಳಿಗೆ ತೆಗೆದುಕೊಳ್ಳುವವರು, ಬೆವರಿ ನಡುಗುತ್ತ ಪ್ಲಾಟ್‌ಫಾರ್ಮಿನ ಮೇಲೆಯೇ ಕುಸಿದು ಕುಳಿತರು. ಮಾತು ತೊದಲುತ್ತಿತ್ತು. ಎಚ್ಚರವಿದ್ದುದರಿಂದ ಸಕ್ಕರೆ ನೀರು ಕುಡಿಸಿದೆವು. ಕಾಲು ಗಂಟೆಯಲ್ಲಿ ಚೇತರಿಸಿಕೊಂಡರು. ಅಷ್ಟರಲ್ಲಿ ಲಗೇಜ್ ಬುಕಿಂಗ್ ಮುಗಿದಿತ್ತು. ಸೈಕಲ್‌ಗಳು ಮರುದಿನ ಬಂದವು. ಅವು ವಾರದ ನಂತರ ಬಂದಿದ್ದರೂ ಆ ದಿನ ನಮಗೆ ಚಿಂತೆಯಿರಲಿಲ್ಲ.

ಅಂದಿನಿಂದ ನಮ್ಮ ಬಳಗದ ಕಟ್ಟಳೆ ಇಷ್ಟು: ಗಾಡಿ ಮೊದಲು, ಸೈಕಲ್ ನಂತರ. ಸೈಕಲ್‌ಗಳೊಡನೆ ರೈಲಿನಲ್ಲಿ ದೂರದ ಊರಿಗೆ ಹೋಗುವುದು, ಅಲ್ಲಿಂದ ತುಳಿಯುತ್ತ ಮನೆಗೆ ಬರುವುದು. ಗಾಡಿ ಹಿಡಿಯುವ ಅವಸರವೆಲ್ಲ ಮೊದಲ ದಿನವೇ, ಮೈ ಹಸನಾಗಿರುವಾಗಲೇ ಮುಗಿಯುತ್ತದೆ. ಆಮೇಲೆ ಯಾರೂ ಕಾಯುತ್ತಿರುವುದಿಲ್ಲ. ಒಂದು ದಿನ ಹೆಚ್ಚು ಹಿಡಿದರೆ ಹಿಡಿಯಲಿ. ದಿನದಿನಕ್ಕೆ ಮನೆ ಹತ್ತಿರವಾಗುತ್ತದೆ. ಯಾರಿಗಾದರೂ ಆಗದಿದ್ದರೆ ಊರಿನಿಂದ ವಾಹನ ತರಿಸಲು ದೂರವೂ ಕಡಿಮೆಯಾಗುತ್ತ ಬರುತ್ತದೆ.

ನಮ್ಮ ನಾಲ್ಕು ತಾಲೂಕುಗಳಿಗೆ ಈ ಕ್ರಮ ಬೇರೊಂದು ಕಾರಣದಿಂದಲೂ ಹೊಂದುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಪಟ್ಟಣಗಳಲ್ಲಿ ಒಂದಕ್ಕೂ ರೈಲು ಇಲ್ಲ. ಧಾರವಾಡದಿಂದ ಬೆಳಗಾವಿಗೆ ಹೋಗುವ ಗಾಡಿ ನಮ್ಮನ್ನು ಬಿಟ್ಟು ಅಳ್ನಾವರ, ಲೋಂಡಾ, ಖಾನಾಪುರಗಳ ಕಾಡು ಸುತ್ತಿ ಹೋಗುತ್ತದೆ. ಕಿತ್ತೂರಿನ ಮೇಲೆ ಹಾಯುವ ನೇರ ಮಾರ್ಗ ದಿವಂಗತ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದ ಕಾಲದಲ್ಲಿ ಮುಂದಡಿಯಿಟ್ಟಿತು. ಅದು ಹಳಿಯಾಗಿ ನಮ್ಮ ಮುಂದೆ ಹಾಯುವವರೆಗೆ ನಮಗೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿ ನಿಲ್ದಾಣಗಳೇ ಗತಿ. ಕಿತ್ತೂರಿನಿಂದ ಧಾರವಾಡ ಸುಮಾರು 30 ಕಿ.ಮೀ., ಸವದತ್ತಿಯಿಂದ ಸುಮಾರು 40 ಕಿ.ಮೀ. ಹಿಂದಿನ ದಿನ ಬೆಳಿಗ್ಗೆ ಈ ದೂರವನ್ನು ಸೈಕಲ್ ಮೇಲೆಯೇ ಕ್ರಮಿಸುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ. ಅದೇ ಪರೀಕ್ಷೆ. ಧಾರವಾಡದಲ್ಲಿ ಇಳಿದಾಗ ಮೊಣಕಾಲು ನೋಯುತ್ತಿದ್ದರೆ ಅಲ್ಲಿಂದಲೇ ಮರಳಬೇಕು; ಆ ಮರಳುವಿಕೆಯಲ್ಲಿ ನಾಚಿಕೆ ಇಲ್ಲ.

ಇನ್ನು ಸೈಕಲ್ಲನ್ನು ಗಾಡಿಗೆ ಹಾಕುವ ಬಗೆ. ಬಹಳಷ್ಟು ಜನ ತಿಳಿದಂತೆ ಅದನ್ನು ಕೈಯಲ್ಲಿ ಹಿಡಿದು ಬೋಗಿಯೊಳಗೆ ತಳ್ಳಿಕೊಂಡು ಹೋಗುವಂತಿಲ್ಲ. ಪ್ರಯಾಣಿಕರ ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗಳ ಅಳತೆ 100 ಸೆಂ.ಮೀ. ಉದ್ದ, 60 ಅಗಲ, 25 ಎತ್ತರವನ್ನು ಮೀರಬಾರದೆಂಬ ನಿಯಮವಿದೆ. ಇಡೀ ಸೈಕಲ್ ಅದರಲ್ಲಿ ಹಿಡಿಯದು. ಟಿಕೆಟ್ಟಿನೊಡನೆ ದೊರೆಯುವ ಉಚಿತ ತೂಕದ ಸೌಲಭ್ಯ (ಸ್ಲೀಪರ್ ದರ್ಜೆಗೆ 40 ಕಿಲೊ) ಸೈಕಲ್, ಸ್ಕೂಟರುಗಳಿಗೆ ಅನ್ವಯಿಸುವುದಿಲ್ಲ. ಆದುದರಿಂದ ಅದನ್ನು ಪಾರ್ಸಲ್ ಕಚೇರಿಯಲ್ಲಿ ಬುಕ್ ಮಾಡಿ, ಗಾಡಿಯ ಲಗೇಜ್ ಬೋಗಿಯಲ್ಲಿಯೇ ಕಳಿಸಬೇಕು. ಇಲ್ಲಿ ಎರಡು ದಾರಿಗಳಿವೆ. ಪ್ರಯಾಣದ ಟಿಕೆಟ್ ತೋರಿಸಿ ‘ಲಗೇಜ್’ ಎಂದು ಬುಕ್ ಮಾಡಿದರೆ ನಾವು ಹೋಗುವ ಗಾಡಿಯಲ್ಲಿಯೇ ಸೈಕಲ್ ಬರುವಂತೆ ಹಾಕುತ್ತಾರೆ. ಹಣ ತುಸು ಹೆಚ್ಚು. ಟಿಕೆಟ್ ಇಲ್ಲದೆ ‘ಪಾರ್ಸಲ್’ ಎಂದು ಕಳಿಸಿದರೆ ಹಣ ಕಡಿಮೆ, ಆದರೆ ಸ್ಥಳವಿರುವ ಗಾಡಿಯಲ್ಲಿ ಅದು ತನ್ನ ಪಾಡಿಗೆ ತಾನು ಬರುತ್ತದೆ. ಯಾತ್ರಿಕರಿಗೆ ಮೊದಲನೆಯದೇ ಲೇಸು. ಹಣ ಉಳಿಸಲು ಹೋಗಿ ಪರಊರಿನಲ್ಲಿ ಸೈಕಲ್ಲಿಗಾಗಿ ಕಾಯುತ್ತ ಕೂರುವುದು ಬೇಡ.

ಗಾಡಿ ಹೊರಡುವ ಅರ್ಧ ಗಂಟೆಗಿಂತ ಮುಂಚೆ ಸಾಮಾನು ಒಪ್ಪಿಸಬೇಕೆಂಬುದು ನಿಯಮ. ನಾವು ಎರಡು ಗಂಟೆ ಮೊದಲೇ ಹೋಗುತ್ತೇವೆ. ಪೆಡಲ್‌ಗಳನ್ನು ಬಿಚ್ಚಿ, ಹ್ಯಾಂಡಲ್ಲನ್ನು ಚೌಕಟ್ಟಿಗೆ ಸಮನಾಗಿ ತಿರುಗಿಸಿ, ಹಿಂದಿನ ಗಾಲಿಯ ಗೇರಿಗೆ ರಟ್ಟು ಸುತ್ತಿ, ಮೇಲೆ ಗೋಣಿ ತಟ್ಟು ಹೊಲಿಯಬೇಕು. ಪಂಪು, ದೀಪ, ನೀರಿನ ಬಾಟಲಿ ಮುಂತಾದ ಸಡಿಲ ವಸ್ತುಗಳು ಕೈಚೀಲಕ್ಕೆ. ಹೆಸರು, ಫೋನ್ ಸಂಖ್ಯೆ, ಇಳಿಯುವ ನಿಲ್ದಾಣ ಬರೆದ ಚೀಟಿಯನ್ನು ಎರಡು ಕಡೆ ಕಟ್ಟಬೇಕು, ಒಂದು ಹರಿದರೂ ಇನ್ನೊಂದು ಉಳಿಯುತ್ತದೆ. ಬೆಲೆಬಾಳುವ ಸೈಕಲ್ಲಾದರೆ ಅದರ ಬೆಲೆಯನ್ನು ಫಾರಮಿನಲ್ಲಿ ಘೋಷಿಸಿ ಅದಕ್ಕೆ ತಕ್ಕ ಶುಲ್ಕ ಕಟ್ಟಬೇಕು. ಇಲ್ಲದಿದ್ದರೆ ಹಾನಿಯಾದಾಗ ಪರಿಹಾರ ಬರೀ ತೂಕದ ಲೆಕ್ಕಕ್ಕೆ ನಿಲ್ಲುತ್ತದೆ. ರಸೀದಿಯನ್ನು ಜೋಪಾನ ಮಾಡಬೇಕು. ಅದನ್ನು ತೋರಿಸಿದವರಿಗೇ ಸೈಕಲ್. ಇಳಿದ ಮೇಲೆ ಬಿಡಿಸಿಕೊಳ್ಳಲು ತಡಮಾಡಿದರೆ ದಂಡವೂ ಬೀಳುತ್ತದೆ.

ಎಲ್ಲ ಗಾಡಿಗಳಿಗೂ ಲಗೇಜ್ ಬೋಗಿ ಇರುವುದಿಲ್ಲವೆಂಬುದು ನೆನಪಿರಲಿ. ವಂದೇ ಭಾರತ್ ಗಾಡಿಗಳಲ್ಲಿ ಅದು ಇಲ್ಲ. ಒಂದೆರಡು ನಿಮಿಷ ಮಾತ್ರ ನಿಲ್ಲುವ ಸಣ್ಣ ನಿಲ್ದಾಣಕ್ಕೆ ಬುಕ್ ಮಾಡಲು ಹೋಗಬಾರದು. ಇಳಿಸಲು ಪುರಸೊತ್ತಿಲ್ಲದೆ ಸೈಕಲ್ ಮುಂದಿನ ಊರಿಗೆ ಹೋದೀತು. ಹತ್ತಿಸಲು ಹುಬ್ಬಳ್ಳಿಯೇ ಅನುಕೂಲ. ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರನ್ನು ಹೊತ್ತ ಆ ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲಿಯೇ ಅತಿ ಉದ್ದವಾದುದು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಲಗೇಜ್ ಬೋಗಿ ಸಾಮಾನ್ಯವಾಗಿ ಗಾಡಿಯ ತುದಿಯಲ್ಲಿರುವುದರಿಂದ, ಸೈಕಲ್ ಹತ್ತಿದ್ದನ್ನು ಕಣ್ಣಾರೆ ನೋಡಿ ನಮ್ಮ ಬೋಗಿಗೆ ಬರುವಷ್ಟರಲ್ಲಿ ಆ ದಿನದ ನಡಿಗೆಯ ವ್ಯಾಯಾಮವೂ ಆಗಿಬಿಡುತ್ತದೆ. ಆದರೂ ಹೋಗಿ ನೋಡಿಯೇ ಬರಬೇಕು.

ನಾವು ಎರಡನೆಯ ಸಲ ಆಯ್ದುಕೊಂಡ ದಾರಿ ಮಲಪ್ರಭೆಯ ದಾರಿ. ಈ ಹೊಳೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಗಂಗಾಂಬಿಕೆಯವರ ಐಕ್ಯಸ್ಥಳವಾದ ಮುಗುಟಖಾನ ಹುಬ್ಬಳ್ಳಿಯನ್ನು ಹಾಯ್ದು, ಮುನವಳ್ಳಿ, ಸವದತ್ತಿ, ರಾಮದುರ್ಗಗಳನ್ನು ದಾಟಿ, ಬಸವಣ್ಣನವರು ಐಕ್ಯರಾದ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹುಬ್ಬಳ್ಳಿಯಿಂದ ಗದಗ, ಬಾದಾಮಿ, ಬಾಗಲಕೋಟೆ, ಆಲಮಟ್ಟಿಗಳ ಮೇಲೆ ಹೋಗುವ ಗಾಡಿಯಲ್ಲಿ ವಿಜಯಪುರಕ್ಕೆ ಹೋಗಿ ಇಳಿದೆವು. ಅಲ್ಲಿಂದ ಮನಗೂಳಿಯ ಮೇಲೆ ಬಸವನಬಾಗೇವಾಡಿ, ಮರುದಿನ ನಿಡಗುಂದಿ, ಕೂಡಲಸಂಗಮ. ಆಮೇಲೆ ಹೊಳೆಯ ಎದುರು ಮುಖವಾಗಿ ಅಮೀನಗಡ, ಐಹೊಳೆ, ಪಟ್ಟದಕಲ್ಲು, ಬಾದಾಮಿ; ಕುಳಗೇರಿ ಕ್ರಾಸ್ ದಾಟಿ ರಾಮದುರ್ಗ; ಅಲ್ಲಿಂದ ಸವದತ್ತಿ, ಬೈಲಹೊಂಗಲ. ಒಟ್ಟು ಸುಮಾರು 300 ಕಿ.ಮೀ. ಪಳಗಿದ ಸವಾರರು ‘ಬ್ರೆವೆ’ ಎಂಬ ಸವಾರಿಗಳಲ್ಲಿ 300 ಕಿ.ಮೀ. ದೂರವನ್ನು 20 ಗಂಟೆಗಳ ಗಡುವಿನೊಳಗೆ ಮುಗಿಸುತ್ತಾರೆ. ನಮಗೆ ಆರು ದಿನ ಬೇಕಾದವು, ಬೇಕೆಂದೇ. ದಿನಕ್ಕೆ 50ರಿಂದ 60 ಕಿ.ಮೀ. ಮೀರಲಿಲ್ಲ. ನಸುಕಿನಲ್ಲಿ ಇಷ್ಟಲಿಂಗಪೂಜೆ ಮುಗಿಸಿ ಹೊರಟರೆ ಹನ್ನೊಂದು ಗಂಟೆಯೊಳಗೆ ಅಂದಿನ ದಾರಿಯ ಬಹುಪಾಲು ಹಿಂದೆ ಬೀಳುತ್ತಿತ್ತು.

ಈ ದಾರಿಯ ತೊಡಕುಗಳು ಪುಸ್ತಕದಲ್ಲಿ ಬರೆದಿರುವುದಿಲ್ಲ. ಬಳ್ಳಾರಿ ಜಾಲಿಯ ಮುಳ್ಳು ಮೊದಲನೆಯದು. ರಸ್ತೆಯ ಅಂಚಿಗೆ ಇಳಿದ ಟೈರು ಉಳಿಯುವುದಿಲ್ಲ, ಎರಡು ಟ್ಯೂಬು ಮತ್ತು ಪಂಕ್ಚರ್ ಸಾಮಗ್ರಿ ಜೊತೆಗಿರಲೇಬೇಕು. ಸುಗ್ಗಿಯಲ್ಲಿ ರೈತರು ಡಾಂಬರಿನ ಮೇಲೆ ಹರವಿದ ಹೊಟ್ಟು, ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ಇಳಿದು ತಳ್ಳಿಕೊಂಡು ಹೋಗುವುದೇ ಸರಿ, ಅದು ಅವರ ಕಣವೂ ಹೌದು. ಮಳೆ ಬಿದ್ದ ದಿನ ಎರೆ ಭೂಮಿಯ ಅಡ್ಡದಾರಿ ಹಿಡಿದರೆ ಗಾಲಿ ಮಡ್‌ಗಾರ್ಡಿಗೆ ಕಚ್ಚಿ ನಿಲ್ಲುತ್ತದೆ. ಇವೆಲ್ಲಕ್ಕಿಂತ ಅಪಾಯಕರವಾದುದು ಕಬ್ಬಿನ ಹಂಗಾಮು. ನಮ್ಮ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆಯುತ್ತ, ಹಿಂದೆ ಕೆಂಪು ದೀಪವೂ ಇಲ್ಲದೆ ಕತ್ತಲೆಯಲ್ಲಿ ಸಾಗುತ್ತವೆ, ಕೆಟ್ಟು ರಸ್ತೆಯಲ್ಲಿಯೇ ನಿಂತಿರುತ್ತವೆ. ಹೊತ್ತು ಮುಳುಗಿದ ಮೇಲೆ ಸೈಕಲ್ ತುಳಿಯಬಾರದು. ಮನೆ ಐದೇ ಕಿ.ಮೀ. ಉಳಿದಿದ್ದರೂ ಬಾರದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಆಚೀಚೆ ಯಲ್ಲಮ್ಮನ ಗುಡ್ಡದ ಜನದಟ್ಟಣೆಯಿಂದ ಸವದತ್ತಿಯ ರಸ್ತೆಗಳು ತುಂಬಿರುತ್ತವೆ. ಆ ದಿನಗಳನ್ನು ಬಿಟ್ಟು ಕಾರ್ತಿಕದಿಂದ ಮಾಘದವರೆಗಿನ ತಂಪು ಹೊತ್ತನ್ನು ಆರಿಸಿಕೊಳ್ಳಬೇಕು.

ದೇಹದ ವಿಷಯಕ್ಕೆ ಬರೋಣ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೈಭಾರವನ್ನು ಸೀಟು ಹೊರುವುದರಿಂದ ಸೈಕಲ್ ಸವಾರಿ ಓಟಕ್ಕಿಂತ ಮೊಣಕಾಲಿಗೆ ಹಗುರ. ಆದರೆ ಸೀಟಿನ ಎತ್ತರ ಸರಿಯಿದ್ದರೆ ಮಾತ್ರ. ಪೆಡಲ್ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಮುಂಗಾಲಿಟ್ಟು ತುಳಿಯುವಾಗ ಆಗ ಮಂಡಿ ತುಸು ಬಾಗಿರುತ್ತದೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಬಹುಮಟ್ಟಿಗೆ ಸೀಟು ತಗ್ಗಾಗಿದೆ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿದೆ. ರೈಲಿನಲ್ಲಿ ಒಯ್ಯಲು ಸೀಟನ್ನು ಇಳಿಸಿದ್ದರೆ ಮೊದಲಿನ ಎತ್ತರಕ್ಕೇ ಏರಿಸಬೇಕು. ಸೀಟಿನ ಕಂಬಕ್ಕೆ ಬಣ್ಣದ ಪಟ್ಟಿ ಅಂಟಿಸಿಕೊಂಡು ಬಿಚ್ಚುವುದು ಒಳ್ಳೆಯದು. ನಮ್ಮಲ್ಲೊಬ್ಬರು ಅದನ್ನು ಮರೆತು ವಿಜಯಪುರದಿಂದ ಬಾಗೇವಾಡಿಯವರೆಗೆ ತಗ್ಗು ಸೀಟಿನಲ್ಲೇ ತುಳಿದು ಎರಡು ದಿನ ಕುಂಟಿದರು.

ರಾತ್ರಿಯ ಗಾಡಿಯಲ್ಲಿ ಹೋದವರು ಇಳಿದ ಕೂಡಲೇ ಸೈಕಲ್ ಏರಬಾರದು. ನಿದ್ದೆಗೆಟ್ಟ ಮೈ, ಇಳಿಬಿಟ್ಟು ಬಾತ ಕಾಲು. ಅರ್ಧ ದಿನ ವಿಶ್ರಮಿಸಿ, ಸೈಕಲ್ ಜೋಡಿಸಿ, ಬ್ರೇಕ್ ಪರೀಕ್ಷಿಸಿ ಹೊರಡಬೇಕು. ದಾರಿಯಲ್ಲಿ ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯುತ್ತಿರಬೇಕು. ಬೆವರು ಹೆಚ್ಚಾದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಕರಗಿಸಿ ಕುಡಿಯಬಹುದು; ರಕ್ತದೊತ್ತಡದವರು, ಸಕ್ಕರೆ ಕಾಯಿಲೆಯವರು ಇದನ್ನು ವೈದ್ಯರನ್ನು ಕೇಳಿಯೇ ಮಾಡಲಿ. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ, ಬಾಳೆಹಣ್ಣು ಸಾಕು. ಮಠಗಳ ದಾಸೋಹದಲ್ಲಿ ಬೇಡವೆನ್ನುವುದು ನಮಗೆ ಸೈಕಲ್ ತುಳಿಯುವುದಕ್ಕಿಂತ ಕಷ್ಟವಾಯಿತು. ಹೊಟ್ಟೆ ತುಂಬ ಪ್ರಸಾದ ಸ್ವೀಕರಿಸಿದ ದಿನ ಸಂಜೆಯವರೆಗೆ ಅಲ್ಲಿಯೇ ಉಳಿದೆವು.

ನಲವತ್ತು ದಾಟಿದವರು, ಎದೆಯ ತೊಂದರೆಯಿದ್ದವರು ಹೊರಡುವ ಮುಂಚೆ ವೈದ್ಯರಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಗುಳಿಗೆ ತೆಗೆದುಕೊಳ್ಳುವವರು ಯಾತ್ರೆಯ ದಿನಗಳ ಪ್ರಮಾಣವನ್ನು ಅವರಿಂದಲೇ ಬರೆಸಿಕೊಂಡು, ಕಿಸೆಯಲ್ಲಿ ಸಕ್ಕರೆ ಇಟ್ಟುಕೊಳ್ಳಬೇಕು. ಕೈ ನಡುಗಿ ಬೆವರು ಬಂದೊಡನೆ ನಿಂತು ತಿನ್ನಬೇಕು. ಜೊತೆಗಾರರಿಗೂ ಇದು ತಿಳಿದಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಪ್ಲಾಟ್‌ಫಾರ್ಮಿನ ಮೇಲೆ ಕುಸಿದಿದ್ದ ನಮ್ಮ ಹಿರಿಯರು ಎರಡನೆಯ ಯಾತ್ರೆಗೂ ಬಂದಿದ್ದರು. ರಾಮದುರ್ಗದಿಂದ ಸವದತ್ತಿಗೆ ಬರುವ ದಿನ, ಬೆಳಗಿನ ಹತ್ತಕ್ಕೇ, “ಇವತ್ತಿಗೆ ಸಾಕ್ರಿ” ಎಂದರು. ದಾರಿಬದಿಯ ಬೇವಿನ ನೆರಳಿಗೆ ಆರೂ ಸೈಕಲ್‌ಗಳನ್ನು ಒರಗಿಸಿದೆವು. ಯಾರೂ ಗಡಿಯಾರ ನೋಡಲಿಲ್ಲ. ನಾಲ್ಕು ಗಂಟೆಗೆ ಅವರೇ ಎದ್ದು ಎಲ್ಲರ ಬಾಟಲಿಗಳಿಗೆ ನೀರು ತುಂಬಿಸಿ ತಂದರು.