ಕೊನ್ನಾರಿ ಗಡ್ಡೆ: ಕುಂಡದಲ್ಲಿ ಕಳೆ, ಕೆರೆಯಲ್ಲಿ ಊಟ

ಅಪಾರ್ಟ್‌ಮೆಂಟಿನ ಲಾನ್‌ನಲ್ಲಿ, ಬಾಲ್ಕನಿಯ ಕುಂಡದಲ್ಲಿ, ಎಷ್ಟು ಕಿತ್ತರೂ ವಾರದಲ್ಲಿ ಮತ್ತೆ ತಲೆ ಎತ್ತೋ ಒಂದು ಹುಲ್ಲು ಇದೆಯಲ್ಲ, ಇವತ್ತಿನ ಮಾತು ಅದರ ಬಗ್ಗೆ. ನಮ್ಮ ಕಡೆ ಇದಕ್ಕೆ ಕೊನ್ನಾರಿ ಗಡ್ಡೆ, ತುಂಗೆ ಹುಲ್ಲು ಅಂತಾರೆ. ಹೈದರಾಬಾದಿನಲ್ಲಿ ತುಂಗ, ಚೆನ್ನೈನಲ್ಲಿ ಕೋರೈ, ಪುಣೆ ಕಡೆಯ ರೈತರ ಬಾಯಲ್ಲಿ ಲವ್ಹಾಳಾ, ದೆಹಲಿಯಲ್ಲಿ ನಾಗರಮೋಥಾ. ಸಸ್ಯಶಾಸ್ತ್ರದ ಹೆಸರು ಸೈಪರಸ್ ರೊಟಂಡಸ್.

ನಿಜ ಹೇಳಬೇಕಂದ್ರೆ ಇದು ಹುಲ್ಲೇ ಅಲ್ಲ. ಹೂ ಬಿಟ್ಟ ದಂಟನ್ನು ಎರಡು ಬೆರಳಲ್ಲಿ ಹಿಡಿದು ಉರುಳಿಸಿ ನೋಡಿ. ಹುಲ್ಲಿನ ದಂಟು ಸಾಮಾನ್ಯವಾಗಿ ಗುಂಡಗೆ, ಒಳಗೆ ಟೊಳ್ಳು. ಇದಕ್ಕೆ ಮೂರು ಮೂಲೆ, ಒಳಗೆ ಗಟ್ಟಿ. ಎಲೆಗಳೂ ಮೂರು ಸಾಲಲ್ಲಿ ಹೊರಡುತ್ತವೆ. ಇದು ಸೆಡ್ಜ್ ಅನ್ನೋ ಬೇರೆ ಕುಟುಂಬ, ನಮ್ಮ ಜೇಕಿನ ಬಳಗ.

ಕೆರೆ ಅಂಚು, ಹೊಳೆ ದಡ, ಮಳೆಗಾಲದಲ್ಲಿ ನೀರು ನಿಂತು ಬೇಸಿಗೆಯಲ್ಲಿ ಒಣಗೋ ತಗ್ಗು ಜಾಗ ಇದಕ್ಕೆ ಹೇಳಿ ಮಾಡಿಸಿದ್ದು. ಅಂಥ ಕಡೆ ಬದುಕಬೇಕಾದರೆ ನೆಲದೊಳಗೆ ಉಳಿತಾಯ ಬೇಕು. ಅದಕ್ಕೇ ಇದು ದಾರದಂಥ ಬೇರುಕಾಂಡದಲ್ಲಿ ಸಣ್ಣ ಗಡ್ಡೆಗಳನ್ನು ಸರದ ಹಾಗೆ ಪೋಣಿಸಿಕೊಳ್ಳುತ್ತೆ. ಸರ ಇಡಿಯಾಗಿದ್ದಾಗ ಕೆಲವು ಗಡ್ಡೆ ಮಾತ್ರ ಚಿಗುರುತ್ತವೆ, ಉಳಿದವು ಮಲಗಿರುತ್ತವೆ. ಗುದ್ದಲಿ ಹಾಕಿ ಸರ ತುಂಡು ಮಾಡಿದರೆ ಮಲಗಿದ್ದವೂ ಏಳುತ್ತವೆ! ಕಿತ್ತಷ್ಟೂ ಹೆಚ್ಚೋದು ಇದಕ್ಕೇ. 1977ರಲ್ಲಿ ಬಂದ ಒಂದು ಹೆಸರಾಂತ ಕಳೆಶಾಸ್ತ್ರ ಗ್ರಂಥ ಇದನ್ನು ಜಗತ್ತಿನ ಅತಿ ಕೆಟ್ಟ ಕಳೆ ಅಂತ ಮೊದಲ ಸ್ಥಾನದಲ್ಲಿ ಕೂರಿಸಿತು.

ಈಗ ಇದೇ ಗಡ್ಡೆಯನ್ನು ಭರತಪುರದಲ್ಲಿ ನೋಡೋಣ. ದೆಹಲಿಯಲ್ಲಿರೋರು ವೀಕೆಂಡಿಗೆ ಹೋಗಿಬರೋ ಕೇವಲಾದೇವ್ ರಾಷ್ಟ್ರೀಯ ಉದ್ಯಾನ ಅದು. ಚಳಿಗಾಲಕ್ಕೆ ಅಲ್ಲಿಗೆ ಬರುತ್ತಿದ್ದ ಸೈಬೀರಿಯನ್ ಕೊಕ್ಕರೆಗಳು ಆಳವಿಲ್ಲದ ನೀರಲ್ಲಿ ನಿಂತು, ಕೆಸರಿಗೆ ಕೊಕ್ಕು ಚುಚ್ಚಿ ಈ ಗಡ್ಡೆಗಳನ್ನೇ ಅಗೆದು ತಿನ್ನುತ್ತಿದ್ದವು. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ನಮ್ಮ ಕಳೆಯೇ ಊಟ.

1982ರಲ್ಲಿ ಉದ್ಯಾನದೊಳಗೆ ಎಮ್ಮೆ ಮೇಯಿಸೋದನ್ನು ನಿಷೇಧಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಎಮ್ಮೆ ಮೇಯದೆ ಪಾಸ್‌ಪಾಲಮ್ ಅನ್ನೋ ನೀರುಹುಲ್ಲು ದಟ್ಟವಾಗಿ ಹಬ್ಬಿ ನೀರನ್ನೇ ಮುಚ್ಚಿತು. ಹಕ್ಕಿಗೆ ಗಡ್ಡೆ ಕೀಳೋದು ಕಷ್ಟವಾಯ್ತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ, ಎಮ್ಮೆಗಳೂ ಆ ಜೌಗಿನ ಭಾಗವೇ ಆಗಿದ್ದವು ಅಂತ ಕಂಡುಕೊಂಡಿತು. ವಲಸೆ ದಾರಿಯಲ್ಲಿನ ಬೇಟೆ ಅವುಗಳ ಸಂಖ್ಯೆಯನ್ನು ಇಳಿಸುತ್ತಲೇ ಇತ್ತು. 2002ರ ಚಳಿಗಾಲದ ನಂತರ ಆ ಕೊಕ್ಕರೆಗಳು ಭರತಪುರಕ್ಕೆ ಬಂದಿಲ್ಲ.

ಅಂದ್ರೆ ಕಳೆ ಅನ್ನೋದು ಗಿಡದ ಗುಣ ಅಲ್ಲ, ಜಾಗದ ಲೆಕ್ಕ. ಹಾಗಂತ ಕುಂಡದಲ್ಲಿ ಬಿಟ್ಟುಕೊಳ್ಳಿ ಅಂತ ಹೇಳ್ತಿಲ್ಲ. ಇದಕ್ಕೆ ನೆರಳು ಆಗಿಬರಲ್ಲ. ದಟ್ಟ ಎಲೆಯ ಗಿಡ ಹಾಕಿದರೆ ಸೊರಗುತ್ತೆ. ಕುಂಡದ ಮಣ್ಣನ್ನು ಜರಡಿ ಹಿಡಿದು ಗಡ್ಡೆ ಆರಿಸಿ. ಆದರೆ ನಿಮ್ಮ ಬಡಾವಣೆಯ ಕೆರೆ ಅಂಚಲ್ಲಿ ಇದು ಬೆಳೆದಿದ್ದರೆ, ‘ಬ್ಯೂಟಿಫಿಕೇಶನ್’ ಹೆಸರಲ್ಲಿ ಕಳೆನಾಶಕ ಹೊಡೆಯೋ ಮುಂಚೆ ಅಸೋಸಿಯೇಷನ್ ಮೀಟಿಂಗಲ್ಲಿ ಒಂದು ಪ್ರಶ್ನೆ ಕೇಳಿ: ಇಲ್ಲಿ ಇದನ್ನು ತಿಂದು ಬದುಕೋರು ಯಾರ್ಯಾರು?