ಅಡಿಟಿಪ್ಪಣಿ ಎಂಬ ಸಾಕ್ಷಿ: ವಿಕಿಪೀಡಿಯ ಲೇಖನಗಳ ಆಧಾರ ಪರಿಶೀಲನೆ

ಸಭಾಚರಿತ್ರೆಯ ಒಬ್ಬ ವ್ಯಕ್ತಿಯನ್ನೋ ಸತ್ಯವೇದದ ಒಂದು ಪಾಠಭೇದವನ್ನೋ ಕುರಿತು ತಿಳಿಯಬಯಸುವವರಲ್ಲಿ ಅನೇಕರು ಇಂದು ಮೊದಲು ತೆರೆಯುವುದು ವಿಕಿಪೀಡಿಯವನ್ನು. 2001ರಲ್ಲಿ ಆರಂಭವಾದ ಈ ವಿಶ್ವಕೋಶದ ಲೇಖನಗಳನ್ನು ಬಹುಮಟ್ಟಿಗೆ ಯಾರು ಬೇಕಾದರೂ ತಿದ್ದಬಹುದು. ಬರೆದವನ ಪದವಿಗೆ ಅಲ್ಲಿ ಪ್ರಾಮಾಣ್ಯವಿಲ್ಲ. ಪ್ರಶ್ನೆಗೆ ಒಳಗಾಗಬಹುದಾದ ಹೇಳಿಕೆಗೆ ಪ್ರಕಟಿತವೂ ವಿಶ್ವಾಸಾರ್ಹವೂ ಆದ ಆಧಾರವಿರಬೇಕೆಂಬುದೇ ನಿಯಮ. ಆದಕಾರಣ ಲೇಖನವನ್ನು ಪರೀಕ್ಷಿಸುವುದೆಂದರೆ ಅದರ ಅಡಿಟಿಪ್ಪಣಿಗಳನ್ನು ಪರೀಕ್ಷಿಸುವುದೇ ಆಗಿದೆ. ಈ ಕಾರ್ಯ ಹೇಗೆ ನಡೆಯಬೇಕೆಂಬುದನ್ನು ದೇವಶಾಸ್ತ್ರದ ತರಗತಿಗಳಿಗೆ ಪರಿಚಿತವಾದ ಒಂದು ಕಥೆಯ ಮೂಲಕ ವಿವರಿಸಬಹುದು.

ಎರಾಸ್ಮಸನ ವಾಗ್ದಾನ

ಯೋಹಾನನ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ, 7 ಮತ್ತು 8ನೆಯ ವಚನಗಳ ನಡುವೆ, ಪರಲೋಕದಲ್ಲಿ ಸಾಕ್ಷಿಕೊಡುವ ತಂದೆ, ವಾಕ್ಯ, ಪವಿತ್ರಾತ್ಮ ಎಂಬ ಮೂವರನ್ನು ಹೆಸರಿಸುವ ಮಾತು ಲ್ಯಾಟಿನ್ ಪರಂಪರೆಯಲ್ಲಿ ಸೇರಿಕೊಂಡಿತ್ತು. ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಅದು ಇಲ್ಲ. ಎರಾಸ್ಮಸನು 1516 ಮತ್ತು 1519ರ ತನ್ನ ಗ್ರೀಕ್ ಹೊಸ ಒಡಂಬಡಿಕೆಗಳಲ್ಲಿ ಅದನ್ನು ಬಿಟ್ಟನು. 1522ರ ಮೂರನೆಯ ಮುದ್ರಣದಲ್ಲಿ ಸೇರಿಸಿದನು. ಈ ಬದಲಾವಣೆಗೆ ಪ್ರಚಲಿತವಾದ ವಿವರಣೆ ಇದು: ಆ ಮಾತುಳ್ಳ ಒಂದೇ ಒಂದು ಗ್ರೀಕ್ ಪ್ರತಿ ದೊರೆತರೂ ಸೇರಿಸುವೆನೆಂದು ಆತನು ವಾಗ್ದಾನ ಮಾಡಿದ್ದನು, ಅಂಥ ಪ್ರತಿಯೊಂದನ್ನು ಮುಂದಿಡಲಾಗಿ, ಕೊಟ್ಟ ಮಾತಿಗೆ ಕಟ್ಟುಬಿದ್ದನು.

ಪಾಠವಿಮರ್ಶೆಯ ಶ್ರೇಷ್ಠ ವಿದ್ವಾಂಸರಾದ ಬ್ರೂಸ್ ಮೆಟ್ಸ್ಗರ್ ಅವರ ಪ್ರಸಿದ್ಧ ಪಠ್ಯಗ್ರಂಥದಲ್ಲಿಯೂ ಈ ಕಥೆಯಿತ್ತು. ಆದರೆ ಡಚ್ ವಿದ್ವಾಂಸ ಹೆಂಕ್ ಯಾನ್ ಡಿ ಯೊಂಗ ಅವರು 1980ರಲ್ಲಿ ಎರಾಸ್ಮಸನ ಬರಹಗಳನ್ನೇ ಪರಿಶೀಲಿಸಿ, ಅಂಥ ವಾಗ್ದಾನಕ್ಕೆ ಅಲ್ಲಿ ಆಧಾರವಿಲ್ಲವೆಂದು ತೋರಿಸಿದರು. ವಿಮರ್ಶಕನಾದ ಎಡ್ವರ್ಡ್ ಲೀಗೆ ಎರಾಸ್ಮಸನು ಕೊಟ್ಟ ಉತ್ತರದ ತಾತ್ಪರ್ಯ ಬೇರೆ: ತನಗೆ ಅಂಥ ಪ್ರತಿ ಸಿಕ್ಕಿದ್ದರೆ ಸೇರಿಸುತ್ತಿದ್ದೆನು, ಸಿಕ್ಕದ್ದರಿಂದ ಬಿಟ್ಟೆನು. ನಡೆದುಹೋದ ಕಾರ್ಯದ ಸಮರ್ಥನೆಯನ್ನು ಮುಂದಿನ ವಾಗ್ದಾನವೆಂದು ಓದಲಾಗಿತ್ತು. ಮೆಟ್ಸ್ಗರ್ ಅವರು 1992ರ ಮೂರನೆಯ ಆವೃತ್ತಿಯಲ್ಲಿ ಈ ತಿದ್ದುಪಡಿಯನ್ನು ದಾಖಲಿಸಿದರು.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ವಿಶ್ವಕೋಶದ ಲೇಖನವೊಂದು ಈ ವಾಗ್ದಾನವನ್ನು ನಿಶ್ಚಿತ ಸಂಗತಿಯೆಂದು ಹೇಳಿ, ಮೆಟ್ಸ್ಗರ್ ಅವರ ಹಳೆಯ ಆವೃತ್ತಿಯನ್ನು ಆಧಾರವಾಗಿ ಕೊಟ್ಟಿದೆ ಎಂದು ಭಾವಿಸೋಣ. ಪರಿಶೀಲಕನು ಏನು ಕೇಳಬೇಕು?

ಮೊದಲನೆಯದು: ಆಧಾರ ನಿಜವಾಗಿ ಇದೆಯೇ? ಗ್ರಂಥ, ಆವೃತ್ತಿ, ಪುಟ ಇವು ಸಿಗುವಂತಿರಬೇಕು. ಎರಡನೆಯದು: ಆ ಪುಟವು ಈ ವಾಕ್ಯವನ್ನೇ ಸಮರ್ಥಿಸುತ್ತದೆಯೇ? ಗ್ರಂಥಕರ್ತನು "ಇರಬಹುದು" ಎಂದದ್ದು ಲೇಖನದಲ್ಲಿ "ಇದೆ" ಎಂದಾಗಿರುವುದುಂಟು. ಮೂರನೆಯದು: ಸಾಕ್ಷಿಗೆ ಅದನ್ನು ತಿಳಿಯುವ ಯೋಗ್ಯತೆಯಿದೆಯೇ? ಸಭೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯು ಸಭಾಪಾಲಕರ ಪಟ್ಟಿಗೆ ಉಪಯುಕ್ತ. ನಾಡಿನ ಮೊತ್ತಮೊದಲ ದೇವಾಲಯ ತಮ್ಮದೇ ಎಂಬ ಹೇಳಿಕೆಗೆ ಸಾಲದು. ನಮ್ಮ ಉದಾಹರಣೆಯು ಈ ಮೂರನ್ನೂ ದಾಟುತ್ತದೆ. ಗ್ರಂಥವಿದೆ, ಮಾತು ಅದರಲ್ಲಿದೆ, ಗ್ರಂಥಕರ್ತರು ಸಮರ್ಥರು.

ಅದು ಬೀಳುವುದು ನಾಲ್ಕನೆಯದರಲ್ಲಿ: ಈ ಸಾಕ್ಷಿ ಸ್ವತಂತ್ರವೇ, ಇಂದಿಗೂ ನಿಲ್ಲುವುದೇ? ಒಂದೇ ತಪ್ಪು ಓದಿನಿಂದ ಹುಟ್ಟಿದ ಕಥೆಯನ್ನು ಹತ್ತು ಗ್ರಂಥಗಳು ಹೇಳಿದರೂ ಸಾಕ್ಷಿ ಒಂದೇ. ಎರಡು ಮೂರು ಸಾಕ್ಷಿಗಳನ್ನು ಕೇಳುವ ಧರ್ಮೋಪದೇಶಕಾಂಡದ ನಿಯಮವು (19:15) ಒಬ್ಬನ ಮಾತನ್ನು ಹಲವರು ಪುನರುಚ್ಚರಿಸುವುದರಿಂದ ನೆರವೇರುವುದಿಲ್ಲ. ಇನ್ನೂ ಅಪಾಯಕರವಾದದ್ದು ಸುತ್ತುಬಳಸಿನ ಆಧಾರ: ವಿಶ್ವಕೋಶದಿಂದ ನಕಲಾದ ಮಾತು ಪತ್ರಿಕೆಯಲ್ಲಿ ಅಚ್ಚಾಗಿ, ಅದೇ ಪತ್ರಿಕೆಯು ವಿಶ್ವಕೋಶಕ್ಕೆ ಆಧಾರವಾಗಿ ಹಿಂದಿರುಗುವುದು.

ಆವೃತ್ತಿಯ ವಿಷಯವು ಕನ್ನಡದಲ್ಲಿಯೂ ಮುಖ್ಯ. ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದದ್ದು 1894ರಲ್ಲಿ, ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಆವೃತ್ತಿಯನ್ನು ಮದ್ರಾಸು ವಿಶ್ವವಿದ್ಯಾನಿಲಯ ಹೊರತಂದದ್ದು 1968ರಿಂದ ಮುಂದಕ್ಕೆ. ಎರಡನೆಯದರಲ್ಲಿ ಮಾತ್ರ ಇರುವ ಪದವನ್ನು ಕಿಟ್ಟೆಲರ ಸಾಕ್ಷ್ಯವೆಂದು ಉಲ್ಲೇಖಿಸಿದರೆ ಹೆಸರು ಸರಿಯಾಗಿದ್ದೂ ಸಾಕ್ಷ್ಯ ಸುಳ್ಳಾಗುತ್ತದೆ.

ತಿದ್ದುವ ಕ್ರಮ

ದೋಷ ಕಂಡಾಗ ಪರಿಶೀಲಕನು ಲ್ಯಾಟಿನ್ ಮೂಲವನ್ನು ತಾನೇ ಓದಿ ಹೊಸ ತೀರ್ಮಾನ ಬರೆಯಲಾಗದು. ಸ್ವಂತ ಸಂಶೋಧನೆಗೆ ಅಲ್ಲಿ ಎಡೆಯಿಲ್ಲ. ಅದಕ್ಕೆ ತಕ್ಕ ಸ್ಥಳ ಇಂಥ ಪತ್ರಿಕೆಗಳು. ವಿಶ್ವಕೋಶದಲ್ಲಿ ಡಿ ಯೊಂಗ ಅವರ ಪ್ರಕಟಿತ ಅಧ್ಯಯನವನ್ನು ಆಧಾರವಾಗಿ ಕೊಟ್ಟು ವಾಕ್ಯವನ್ನು ತಿದ್ದಬೇಕು. ಆಧಾರವಿಲ್ಲದ ಮಾತು ನಿರಪಾಯವಾಗಿದ್ದರೆ ಉಲ್ಲೇಖ ಬೇಕೆಂಬ ಗುರುತನ್ನಿಟ್ಟು, ಚರ್ಚೆಯ ಪುಟದಲ್ಲಿ ಕಾರಣ ತಿಳಿಸಿ ಕಾಯಬಹುದು. ಜೀವಂತ ವ್ಯಕ್ತಿಗೆ ಕಳಂಕ ತರುವಂಥದಾದರೆ ಕೂಡಲೇ ತೆಗೆಯಬೇಕು. ತನ್ನದೇ ಸಭೆಯ ಕುರಿತಾದ ಲೇಖನದಲ್ಲಿ ಈ ಸಂಬಂಧವನ್ನು ಮರೆಮಾಡದೆ ಹೇಳುವುದು ಯುಕ್ತ.

ಎರಾಸ್ಮಸನ ಕಥೆಯಲ್ಲಿ ನಮಗೊಂದು ಎಚ್ಚರಿಕೆಯಿದೆ. ಆಧಾರವಿಲ್ಲದ ಪಾಠವೊಂದನ್ನು ತಿರಸ್ಕರಿಸಲು ಕಲಿಸುವಾಗಲೇ ಆಧಾರವಿಲ್ಲದ ಕಥೆಯೊಂದು ತಲೆಮಾರುಗಳಿಂದ ದಾಟಿಬಂದಿದೆ. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯು ತೀರಿಹೋದವರ ವಿಷಯದಲ್ಲಿಯೂ ಸಲ್ಲುತ್ತದೆ. ಆಡದ ಮಾತನ್ನು ಎರಾಸ್ಮಸನ ಬಾಯಲ್ಲಿಡುವ ಅಧಿಕಾರ ನಮಗಿಲ್ಲ. ಬೆರೋಯದವರು ಪೌಲನ ಬೋಧನೆಯನ್ನೂ ಶಾಸ್ತ್ರಗಳೊಂದಿಗೆ ಹೋಲಿಸಿ ನೋಡಿದರೆಂಬುದನ್ನು ಲೂಕನು ಅವರ ಹಿರಿಮೆಯಾಗಿ ಬರೆದಿದ್ದಾನೆ. ಪ್ರಸಂಗಪೀಠದಿಂದ ಉದ್ಧರಿಸುವ ಮುನ್ನ ಅಡಿಟಿಪ್ಪಣಿಯ ಪುಟವನ್ನು ತೆರೆದು ನೋಡುವುದು ಅದೇ ಅಭ್ಯಾಸ.